ಚಿಂದಿ ಜಮಖಾನೆಯಲ್ಲಿ ಅಪ್ಪನ ಪಟ್ಟಿ

ಕುಳಿತುಕೊಳ್ಳುವುದು ಸುಲಭದ ಕೆಲಸ ಎಂದು ಯಾರಾದರೂ ತಿಳಿದಿದ್ದರೆ ಅವರು ನಮ್ಮ ಮನೆಗೆ ಬಂದವರಲ್ಲ. ಈಜು ಕಲಿಯಬೇಕು, ಸೈಕಲ್ ಹೊಡೆಯುವುದನ್ನು ಕಲಿಯಬೇಕು, ಸಾಹೇಬರ ಮುಂದೆ ನಿಲ್ಲುವುದನ್ನೂ ಕಲಿಯಬೇಕು. ಆದರೆ ಕೂಡುವುದಕ್ಕೆ ಏನು ವಿದ್ಯೆ ಬೇಕು, ಕಾಲು ಮಡಚಿದರೆ ಮುಗಿಯಿತು ಎಂದು ನಾನೂ ಮೂವತ್ತು ವರ್ಷ ನಂಬಿಕೊಂಡಿದ್ದವನೇ. ಆ ನಂಬಿಕೆ ಹೋದದ್ದು ನಮ್ಮ ಮನೆಗೆ ಒಂದು ಜಮಖಾನೆ ಬಂದ ಮೇಲೆ. ಅದು ಬಂದ ದಿನದಿಂದ ನಮ್ಮ ಮನೆಯಲ್ಲಿ ಯಾರು ಎಲ್ಲಿ ಕೂಡಬೇಕು ಎಂಬ ಪ್ರಶ್ನೆ ಎಷ್ಟು ಜಟಿಲವಾಯಿತೆಂದರೆ, ನನ್ನ ತಂಗಿಯ ಮದುವೆಯೇ ಅದರಲ್ಲಿ ಸಿಕ್ಕಿಹಾಕಿಕೊಂಡಿತು.

ಮೊದಲೇ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಗೊಂದಲ ನನಗೆ ಹುಟ್ಟಿನಿಂದ ಬಂದದ್ದು. ಎಡ ಯಾವುದು, ಬಲ ಯಾವುದು ಎಂದು ಕೇಳಿದರೆ ಊಟ ಮಾಡುವ ಕೈಯನ್ನು ಒಮ್ಮೆ ಅಲ್ಲಾಡಿಸಿ ನೋಡಿಕೊಂಡು ಉತ್ತರ ಹೇಳುತ್ತೇನೆ. ದಾಂಡೇಲಿಯ ಕಟ್ಟಿಗೆ ಡೆಪೊದಲ್ಲಿ ನಾನು ಕಾರಕೂನ. ಅಲ್ಲಿ ಈ ಗುಣದಿಂದ ನನಗೆ ಅಷ್ಟಾಗಿ ತೊಂದರೆಯಾಗಿಲ್ಲ, ಏಕೆಂದರೆ ಅಲ್ಲಿ ಎಲ್ಲರೂ ಗೊಂದಲದಲ್ಲೇ ಇದ್ದಾರೆ. ನಮ್ಮ ಭಾಗ ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂದು ಇನ್ನೂ ಕೆಲವೇ ವರ್ಷ. ಹಳೆಯ ರಜಿಸ್ಟರುಗಳು ಮರಾಠಿಯಲ್ಲಿವೆ, ಹೊಸವು ಕನ್ನಡದಲ್ಲಿವೆ, ಸಾಹೇಬರು ಇಂಗ್ಲಿಷಿನಲ್ಲಿ ಬಯ್ಯುತ್ತಾರೆ. ಒಂದೇ ಸಾಗವಾನಿ ದಿಮ್ಮಿಗೆ ಮೂರು ಭಾಷೆಯಲ್ಲಿ ಮೂರು ಉದ್ದ. ಅಂಥ ಕಡೆ ನನ್ನೊಬ್ಬನ ಗೊಂದಲ ಯಾರ ಕಣ್ಣಿಗೂ ಬೀಳುವುದಿಲ್ಲ. ಮನೆಯಲ್ಲಿ ಹಾಗಲ್ಲ. ಮನೆಯಲ್ಲಿ ಅವ್ವ ಇದ್ದಾಳೆ.

ಅಂಬೇವಾಡಿಯಲ್ಲಿ ನಮ್ಮದು ಬಾಡಿಗೆಯ ಮನೆ. ಅವ್ವ, ನಾನು, ನನ್ನ ಹೆಂಡತಿ ಶಾಂತಾ, ತಂಗಿ ನೀಲಾ, ಇಷ್ಟೇ ಜನ. ಅಪ್ಪ ಹಳಿಯಾಳದಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದವರು, ತೀರಿಕೊಂಡು ಎರಡು ವರ್ಷವಾಗಿತ್ತು. ಆಮೇಲೆ ಅವ್ವ ಮತ್ತು ನೀಲಾ ನನ್ನ ಜೊತೆಗೇ ಬಂದು ಇದ್ದರು. ಮನೆಯಲ್ಲಿ ಪಾತ್ರೆ ಪಡಗ ಎಲ್ಲ ಇದ್ದವು, ಆದರೆ ನಾಲ್ಕು ಜನ ಬಂದರೆ ಹಾಸಲು ಒಂದು ಜಮಖಾನೆ ಇರಲಿಲ್ಲ. ಬೇಕಾದಾಗ ಎದುರು ಮನೆಯಿಂದ ತರುತ್ತಿದ್ದೆವು. ಹಿಂದಿನ ವರ್ಷ ನೀಲಾಳನ್ನು ನೋಡಲು ಧಾರವಾಡದ ಕಡೆಯ ಮಂದಿ ಬಂದಾಗಲೂ ಅದನ್ನೇ ಹಾಸಿದ್ದೆವು. ಅವರು ಕುಳಿತು ಅವಲಕ್ಕಿಗೆ ಕೈ ಹಾಕುವಷ್ಟರಲ್ಲಿ ಎದುರು ಮನೆಯಾಕೆ ಬಾಗಿಲಲ್ಲಿ ನಿಂತು, "ತಪ್ಪು ತಿಳ್ಕೋಬ್ಯಾಡ್ರಿ, ನಮ್ಮನಿಗೂ ಬೀಗರು ಬಂದಾರ, ಜಮಖಾನಿ ಬೇಕಾಗೇತಿ" ಎಂದಳು. ಬಂದ ಬೀಗರನ್ನು ಒಬ್ಬೊಬ್ಬರನ್ನಾಗಿ ಎಬ್ಬಿಸಿ ಅವರ ಕೆಳಗಿನಿಂದ ಜಮಖಾನೆ ಎಳೆದು ಕೊಟ್ಟೆವು. ಆ ಸಂಬಂಧ ಕೂಡಿಬರಲಿಲ್ಲ. ಹುಡುಗನ ಎತ್ತರ ಸಾಲದೆಂದು ತಾನೇ ಬೇಡವೆಂದೆ ಎಂದು ಅವ್ವ ಇವತ್ತಿಗೂ ಹೇಳುತ್ತಾಳೆ. ಅವರು ತಮ್ಮ ಊರಿನಲ್ಲಿ ಏನು ಹೇಳುತ್ತಾರೋ ನಾನು ವಿಚಾರಿಸಲು ಹೋಗಿಲ್ಲ.

ಹೊಸ ಜಮಖಾನೆ ಕೊಳ್ಳುವ ಶಕ್ತಿ ಆಗ ನಮಗಿರಲಿಲ್ಲ. ದಾರಿ ತೋರಿಸಿದವಳು ಶಾಂತಾ. ಅವಳ ತವರು ತೇರಗಾಂವ. ಅಲ್ಲಿ ಮನೆಮನೆಯಲ್ಲೂ ಹಳೆಯ ಬಟ್ಟೆಯಿಂದ ನೇಯ್ದ ಚಿಂದಿ ಜಮಖಾನೆ ಇದೆಯಂತೆ. ಹಳಿಯಾಳದ ಚಾಂದಬಿ ಎಂಬಾಕೆ ನೇಯ್ದು ಕೊಡುತ್ತಾಳಂತೆ. ನೂಲಿನ ಹಾಸು ಅವಳದು, ಹೊಕ್ಕಿಗೆ ನಮ್ಮ ಹಳೆಯ ಬಟ್ಟೆಯನ್ನೇ ಉದ್ದುದ್ದ ಪಟ್ಟಿ ಹರಿದು ಕೊಟ್ಟರೆ ಸಾಕು. "ಟ್ರಂಕಿನ ತುಂಬ ಅರಿವಿ ಅದಾವ, ಸುಮ್ಮನ ಜಿರಲಿ ತಿನ್ನಾಕತ್ತಾವ" ಎಂದಳು ಶಾಂತಾ. ಅವಳು ಹೇಳಿದ್ದು ನಿಜ. ಆದರೆ ಆ ಟ್ರಂಕು ಅಪ್ಪನದು. ಅದರಲ್ಲಿ ಅಪ್ಪನ ಧೋತರ, ಹಳದಿ ರುಮಾಲು, ಅಜ್ಜಿಯ ಇಳಕಲ್ ಸೀರೆ ಎಲ್ಲ ಇದ್ದವು. ಅವ್ವ ಎರಡು ದಿನ ಟ್ರಂಕಿನ ಕೀಲಿಯನ್ನು ಸೊಂಟದಿಂದ ತೆಗೆಯಲಿಲ್ಲ. ಮೂರನೆಯ ದಿನ ತಾನಾಗಿ ಟ್ರಂಕು ತೆರೆದು, "ಕೊಡೂಣು. ಆದ್ರ ಒಬ್ಬೊಬ್ಬರ ಅರಿವಿ ಒಂದೊಂದು ಪಟ್ಟ್ಯಾಗ ಇರಬೇಕು. ಯಾರು ಎಲ್ಲಿ ಅದಾರಂತ ನನಗ ಗೊತ್ತಾಗಬೇಕು. ಎಲ್ಲಾರನೂ ಕಲಸಿ ಹಾಕಿದ್ರ ನಾ ಒಪ್ಪಾಂಗಿಲ್ಲ" ಎಂದಳು. ಆಗ ನಮಗೆ ಈ ಷರತ್ತು ಬಹಳ ಸಾದಾ ಅನ್ನಿಸಿತು.

ಬಟ್ಟೆ ಹರಿಯುವ ಕೆಲಸ ನಾಲ್ಕು ದಿನ ನಡೆಯಿತು. ಶಾಂತಾ ಅಂಚಿಗೆ ಕತ್ತರಿಯಿಂದ ಒಂದು ಗಾಯ ಮಾಡಿ ಎರಡೂ ಕೈಯಿಂದ ಎಳೆದರೆ ಪರ್‌ರ್ ಎಂದು ಬಟ್ಟೆ ಆ ತುದಿಯವರೆಗೆ ಸೀಳುತ್ತಿತ್ತು. ಪ್ರತಿ ಪರ್‌ರ್‌ಗೂ ಅವ್ವ ಅಡಿಗೆಮನೆಯಲ್ಲಿ ಕಣ್ಣು ಮುಚ್ಚುತ್ತಿದ್ದಳು. ಅಜ್ಜಿಯ ಸೀರೆ ಹರಿಯುವಾಗ ಮಾತ್ರ ಮುಚ್ಚಲಿಲ್ಲ. ಸ್ವಲ್ಪ ಹತ್ತಿರ ಬಂದು ನೋಡಿದಳೆಂದು ನನಗೆ ಅನುಮಾನ. ಅತ್ತೆಯ ಜೊತೆ ಅವಳದು ಇಪ್ಪತ್ತು ವರ್ಷದ ಸಂಸಾರ. ನೀಲಾಳ ಸಾಲೆಯ ನೀಲಿ ಲಂಗ, ಶಾಂತಾಳ ಹಸಿರು ಸೀರೆ, ಒಂದು ದೊಡ್ಡ ಬಿಳಿ ಚಾದರ ಇವೂ ಬಂದವು. ನನ್ನ ಪಾಲಿಗೆ ಎರಡು ಗೆರೆಯಂಗಿ, ಒಂದು ಖಾಕಿ ಪ್ಯಾಂಟು. ಆ ಪ್ಯಾಂಟನ್ನು ನಾನು ಹಳೆಯದೆಂದು ತಿಳಿದಿರಲಿಲ್ಲ. ಅದನ್ನು ಹುಡುಕಲು ಹೋದಾಗ ಅದು ಉಂಡೆಯಾಗಿ ಬುಟ್ಟಿಯಲ್ಲಿತ್ತು. ನಮ್ಮ ಮನೆಯಲ್ಲಿ ಒಂದು ಬಟ್ಟೆ ಹಳೆಯದೋ ಹೊಸದೋ ಎಂದು ತೀರ್ಮಾನಿಸುವವರು ಅದನ್ನು ತೊಡುವವರಲ್ಲ ಎಂಬುದು ಆಗ ತಿಳಿಯಿತು.

ಅವ್ವ ಹಳಿಯಾಳಕ್ಕೆ ಹೋಗಿ ತನ್ನ ಅಕ್ಕನ ಮನೆಯಲ್ಲಿ ಇದ್ದುಕೊಂಡು ದಿನವೂ ಚಾಂದಬಿಯ ಮಗ್ಗದ ಪಕ್ಕದಲ್ಲಿ ಕುಳಿತಳು. ಚಾಂದಬಿ ಐವತ್ತು ದಾಟಿದ ಹೆಂಗಸು; ಗಂಡ ಲಾರಿ ರಿಪೇರಿಯ ಮಿಸ್ತ್ರಿ. ಅವಳ ಮಗ್ಗ ಗೋಡೆಗೆ ಆನಿಸಿ ನಿಲ್ಲಿಸಿದ ಎರಡು ಕಂಬ, ಎರಡು ಅಡ್ಡತೊಲೆ, ಅಷ್ಟೇ. ನಡುವೆ ಬಿಗಿಯಾದ ನೂಲು. ಬಟ್ಟೆಯ ಪಟ್ಟಿಯನ್ನು ಒಂದು ನೂಲಿನ ಮುಂದೆ, ಒಂದರ ಹಿಂದೆ ತೂರಿಸುತ್ತ ಹೋಗಿ, ಕಬ್ಬಿಣದ ಹಣಿಗೆಯಿಂದ ಧಡ್ ಧಡ್ ಎಂದು ಕೆಳಗೆ ಕೂಡಿಸುತ್ತಿದ್ದಳು. ಒಂದು ಭಾನುವಾರ ನಾನೂ ನೋಡಲು ಹೋಗಿದ್ದೆ. ಮುಂದೆ, ಹಿಂದೆ, ಮುಂದೆ, ಹಿಂದೆ ಎಂದು ಒಂದು ಸಾಲು ನಾನೇ ತೂರಿಸಿದೆ. ಚಾಂದಬಿ ಅದನ್ನು ನೋಡಿ ನಯವಾಗಿ ಬಿಚ್ಚಿದಳು.

ಜಮಖಾನೆ ಮನೆಗೆ ಬಂದ ದಿನ ಅದನ್ನು ಪಡಸಾಲೆಯಲ್ಲಿ ಹಾಸಿ ನಾವೆಲ್ಲ ನೋಡುತ್ತ ನಿಂತೆವು. ಇಷ್ಟು ಚಂದವಾಗಬಹುದೆಂದು ಯಾರೂ ಎಣಿಸಿರಲಿಲ್ಲ. ಕೆಂಪು, ಹಳದಿ, ನೀಲಿ, ಹಸಿರು, ಬಿಳಿ, ಅಡ್ಡಡ್ಡ ಪಟ್ಟಿಗಳು. ಅವ್ವ ಬಗ್ಗಿ ಒಂದೊಂದನ್ನೇ ಬೆರಳಿನಿಂದ ಮುಟ್ಟುತ್ತ ಪುಸ್ತಕ ಓದಿದ ಹಾಗೆ ಓದಿದಳು: "ಇದು ಚಾದರ. ಇದು ಬಸೂನ ಅಂಗಿ. ಇದು ನೀಲಾ. ಇದು ಬಸೂನ ಪ್ಯಾಂಟು. ಇದು ಶಾಂತಾ. ಈ ಕೆಂಪು ನಮ್ಮತ್ತಿ. ಹಳದಿ ನಿಮ್ಮಪ್ಪಾರ ರುಮಾಲು. ಈ ಕಡೀ ಬಿಳೀದು ಅವರ ಧೋತರ." ನನಗೂ ಎದೆ ತುಂಬಿ ಬಂತು. ಆ ಭರದಲ್ಲಿ ಒಂದು ಹೆಜ್ಜೆ ಮುಂದಿಟ್ಟೆ.

"ಏ ಬಸೂ! ಅಪ್ಪಾರ ಮ್ಯಾಲೆ ಕಾಲಿಟ್ಟೆಲ್ಲೋ!"

ಬೆಂಕಿ ತುಳಿದವನಂತೆ ಜಿಗಿದೆ.

"ಅಯ್ಯ, ಈಗ ಅಜ್ಜಿ ಮ್ಯಾಲೆ ನಿಂತಿ!"

ಮತ್ತೆ ಜಿಗಿದು ನೆಲಕ್ಕೆ ಬಂದೆ. ಶಾಂತಾ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿದಳು. ಅಂದಿನಿಂದ ನಮ್ಮ ಮನೆಯಲ್ಲಿ ಹೊಸ ಕಾಯಿದೆ ಶುರುವಾಯಿತು. ಅಪ್ಪನ ಮೇಲೆ ಯಾರೂ ಕೂಡುವಂತಿಲ್ಲ. ಅಜ್ಜಿಯ ಮೇಲೂ ಕೂಡುವಂತಿಲ್ಲ, ಸೊಸೆಯಾದ ಅವ್ವನಂತೂ ಮೊದಲೇ ಕೂಡುವಂತಿಲ್ಲ. ನೀಲಾ ಮದುವೆಯಾಗಿ ಹೋಗುವ ಹುಡುಗಿ, ಅವಳ ಪಟ್ಟಿಯ ಮೇಲೆ ಯಾರೂ ಭಾರ ಹಾಕಬಾರದು. ಶಾಂತಾ ಮನೆಯ ಲಕ್ಷ್ಮಿ. ಕೊನೆಗೆ ಉಳಿದದ್ದು ಚಾದರ ಮತ್ತು ನಾನು; ಚಾದರ ಬಂದ ಬೀಗರಿಗೆ ಮೀಸಲು. ಹೀಗಾಗಿ ಸಂಜೆಯಾದರೆ ಮನೆಯ ಮಂದಿಯೆಲ್ಲ ಎಂಟು ಜನ ಕೂಡಬಹುದಾದ ಜಮಖಾನೆಯಲ್ಲಿ ನನ್ನ ಗೆರೆಯಂಗಿ ಮತ್ತು ಖಾಕಿ ಪ್ಯಾಂಟಿನ ಮೇಲೆ ಒತ್ತೊತ್ತಾಗಿ ಕುಳಿತು ಶೇಂಗಾ ಸುಲಿಯುತ್ತಿದ್ದರು. ಮನೆಯ ಯಜಮಾನನ ಸ್ಥಾನ ಎಲ್ಲಿ ಎಂದು ನನಗೆ ಬಹಳ ದಿನದಿಂದ ಸಂಶಯವಿತ್ತು. ಅದು ಪರಿಹಾರವಾಯಿತು.

ಇಷ್ಟರಲ್ಲಿ ನೀಲಾಳನ್ನು ನೋಡಲು ಮುಂಡಗೋಡದ ಕಡೆಯ ಇಂದೂರು ಎಂಬ ಹಳ್ಳಿಯಿಂದ ಮಂದಿ ಬರುತ್ತಾರೆಂದು ತಿಳಿಯಿತು. ಹುಡುಗ ಮುಂಡಗೋಡದಲ್ಲಿ ಸಾಲೆ ಮಾಸ್ತರ. ಅವನ ತಂದೆ ಸಂಗಪ್ಪನವರು ಹೊಲಮನೆ ಇದ್ದ ಒಳ್ಳೆಯ ಕುಳ, ಹೆಂಡತಿ ತೀರಿಕೊಂಡಿದ್ದಾರೆ. ಮನೆ ನಡೆಸುವವಳು ಅವರ ಅಕ್ಕ ಚನ್ನವ್ವ. ಒಳ್ಳೆಯ ಸಂಬಂಧ. ಅವ್ವ ಅಡಿಗೆಗೆ ನಿಂತಳು, ಶಾಂತಾ ನೀಲಾಳ ಜಡೆಗೆ ನಿಂತಳು, ಜಮಖಾನೆ ಹಾಸುವ ಕೆಲಸ ನನಗೆ ಬಿತ್ತು. ಅವ್ವ ನಾಲ್ಕು ಸಲ ಹೇಳಿದಳು: "ಚಾದರದ ಬಿಳೀ ಪಟ್ಟಿ ಗ್ವಾಡಿ ಕಡೆ ಬರಬೇಕು, ಬೀಗರು ಅಲ್ಲಿ ಕುಂಡ್ರತಾರ. ಅಪ್ಪಾರ ಬಿಳೀ ಪಟ್ಟಿ ಬಾಗಿಲ ಕಡೆ. ತಿಳೀತಿಲ್ಲೋ?" ತಿಳಿಯಿತು ಎಂದೆ. ಈ ತುದಿಯಲ್ಲೊಂದು ಬಿಳಿ, ಆ ತುದಿಯಲ್ಲೊಂದು ಬಿಳಿ. ಜಮಖಾನೆ ಸುರುಳಿ ಬಿಚ್ಚುವಾಗ ಯಾವ ಬಿಳಿ ಯಾವುದೆಂದು ನಾನು ಗಟ್ಟಿಯಾಗಿ ನೆನಪಿಟ್ಟುಕೊಂಡೇ ಬಿಚ್ಚಿದೆ. ಅಷ್ಟರಲ್ಲಿ ಬಾಗಿಲಲ್ಲಿ "ಬರಬಹುದೇನ್ರಿ?" ಎಂಬ ದನಿ ಕೇಳಿತು.

ಸಂಗಪ್ಪನವರು ಎತ್ತರಕ್ಕೂ ಅಗಲಕ್ಕೂ ಸಮನಾದ ಆಳು. ಗೋಡೆಗೆ ಬೆನ್ನು ಕೊಟ್ಟು, ಬಿಳಿ ಪಟ್ಟಿಯ ಮೇಲೆ ಚಕ್ಕಂಬಕ್ಕಲು ಹಾಕಿ, ಸಂತೋಷದಿಂದ ಉಸಿರು ಬಿಟ್ಟು ಕುಳಿತರು. ನೀರಿನ ತಂಬಿಗೆ ಹಿಡಿದು ಹೊರಗೆ ಬಂದ ಅವ್ವ ಅಲ್ಲೇ ನಿಂತಳು. ಅವಳ ಮುಖ ನೋಡಿದ ಕೂಡಲೇ ನನಗೆ ಅರ್ಥವಾಯಿತು. ಆ ಬಿಳಿ ಈ ಬಿಳಿಯಲ್ಲ.

"ಮಾಮಾರ, ಚೂರು ಈ ಕಡೆ ಸರೀರಿ, ಅಲ್ಲಿ ಗಾಳಿ ಬರಾಂಗಿಲ್ಲ" ಎಂದೆ.

"ಇರ್ಲಿ ತೊಗೋರಿ, ನನಗೇನು ಸೆಕಿ ಆಗಿಲ್ಲ."

"ಇಲ್ರಿ, ಇಲ್ಲಿ ಭಾಳ ಚೊಲೋ ಗಾಳಿ ಐತಿ."

ಅವರು ಪಾಪ, ಕೈಯೂರಿ ಎದ್ದು ಒಂದು ಮೊಳ ಮುಂದೆ ಸರಿದರು. ಹಳದಿ. ಅಪ್ಪನ ರುಮಾಲು. "ಇನ್ನೊಂದು ಚೂರು ಸರೀರಿ" ಎಂದೆ. ಅವರು ಇನ್ನೂ ಸರಿದರು. ಕೆಂಪು. ಈ ಹೊತ್ತಿಗೆ ಅವರು ಮೊದಲು ಬಿಟ್ಟುಬಂದ ಜಾಗದಲ್ಲಿ, ಎಂದರೆ ಅಪ್ಪನ ಧೋತರದ ಮೇಲೆ, ಚನ್ನವ್ವ ಕುಳಿತಳು. "ಅತ್ತಿ, ನೀವೂ ಅಲ್ಲಿಂದ ಏಳ್ರಿ" ಎಂದೆ. ಆಕೆ ಎದ್ದಳು, ಸಂಗಪ್ಪನವರನ್ನು ಮತ್ತೆ ಎಬ್ಬಿಸಿದೆ, ಇಬ್ಬರೂ ಒಬ್ಬರನ್ನೊಬ್ಬರು ದಾಟಿದರು. ನನಗೂ ತಲೆ ತಿರುಗಿ, ಯಾರನ್ನು ಯಾರ ಮೇಲಿಂದ ಎಬ್ಬಿಸಿ ಯಾರ ಮೇಲೆ ಕೂಡಿಸುತ್ತಿದ್ದೇನೆಂಬುದು ತಿಳಿಯದಾಯಿತು. ಅವರ ಜೊತೆಗೆ ಬಂದಿದ್ದ ಹುಡುಗ ಇದನ್ನೆಲ್ಲ ನೋಡಿ, ಹೋಗಿ ಮೂಲೆಯಲ್ಲಿದ್ದ ಜೋಳದ ಚೀಲದ ಮೇಲೆ ಕುಳಿತುಬಿಟ್ಟ.

ಸಂಗಪ್ಪನವರು ಐದನೆಯ ಸಲ ಎದ್ದವರು ಕೂಡಲಿಲ್ಲ. ಬೆವರು ಒರೆಸಿಕೊಂಡು, "ಏನ್ರಿ ಕಾರಕೂನರ, ನಾವು ಹೆಣ್ಣು ನೋಡಾಕ ಬಂದೇವೋ, ನಿಮ್ಮ ನೆಲ ಅಳ್ಯಾಕ ಬಂದೇವೋ?" ಎಂದರು. ಚನ್ನವ್ವ ಅಷ್ಟಕ್ಕೇ ಬಿಡಲಿಲ್ಲ. ಬಗ್ಗಿ ಜಮಖಾನೆಯ ತುದಿ ಎತ್ತಿ ಕೆಳಗೆ ನೋಡಿದಳು. "ಇದರ ಬುಡಕ ಏನು ಮುಚ್ಚಿಟ್ಟೀರಿ?" ಎಂದು ಕೇಳಿದಳು. ಏನೂ ಇಲ್ಲ ಎಂದೆ. ನಿಜವಾಗಿಯೂ ಏನೂ ಇರಲಿಲ್ಲ, ಆದರೆ ಆ ಹೊತ್ತಿನಲ್ಲಿ ನನ್ನ ಮುಖ ನೋಡಿದ್ದರೆ ನಾನೇ ನನ್ನನ್ನು ನಂಬುತ್ತಿರಲಿಲ್ಲ. ನೀಲಾ ಚಹಾದ ತಟ್ಟೆ ಹಿಡಿದು ಬಂದಾಗ ಯಾರೂ ಅವಳ ಮುಖ ನೋಡುತ್ತಿರಲಿಲ್ಲ, ಎಲ್ಲರೂ ನೆಲ ನೋಡುತ್ತಿದ್ದರು. ಶಿರಾ ತಟ್ಟೆಯಲ್ಲೇ ಉಳಿಯಿತು. "ಹೋಗಿ ಕಾಗದ ಹಾಕ್ತೇವಿ" ಎಂದು ಹೇಳಿ ಹೊರಟರು. ಹೀಗೆ ಹೇಳಿ ಹೋದವರು ಕಾಗದ ಹಾಕುವುದಿಲ್ಲ ಎಂದು ಹೆಣ್ಣಿನ ಮನೆಯವರಿಗೆಲ್ಲ ಗೊತ್ತು.

ನೀಲಾ ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು. "ಅಣ್ಣಾ, ಅವರು ನೋಡಾಕ ಬಂದಿದ್ದು ನನ್ನ. ನೀ ತೋರಿಸಿದ್ದು ಜಮಖಾನಿ" ಎಂದಳು. ಸ್ವಲ್ಪ ತಡೆದು, "ಚೀಲದ ಮ್ಯಾಲೆ ಕುಂತವರೊಬ್ಬರ ಶಾಣ್ಯಾ ಇದ್ರು" ಎಂದು ಒಳಗೆ ಹೋದಳು. ನಾನು ಶಾಂತಾಳ ಮುಖ ನೋಡಿದೆ, ಶಾಂತಾ ನನ್ನ ಮುಖ ನೋಡಿದಳು. ನೀಲಾಳಿಗೆ ಹುಡುಗ ಹಿಡಿಸಿದ್ದ. ತಮಾಷೆ ಅಲ್ಲಿಗೆ ಮುಗಿಯಿತು. ಆ ಹುಡುಗಿಗೆ ಆಗಲೇ ಇಪ್ಪತ್ತೆರಡು; ಅಪ್ಪ ಇಲ್ಲದ ಹುಡುಗಿ; ಹುಡುಕಬೇಕಾದವನು ನಾನು. ಎರಡು ಸಂಬಂಧ ನಮ್ಮ ಮನೆಯ ನೆಲದ ಮೇಲೇ ಮುರಿದಿದ್ದವು. ಅವ್ವ ಜಮಖಾನೆಯನ್ನು ಸುತ್ತುತ್ತ ತನ್ನಷ್ಟಕ್ಕೆ ಹೇಳಿಕೊಳ್ಳುವಂತೆ ಹೇಳಿದಳು: "ನಂದ ತಪ್ಪು. ಅವರನ್ನ ನೆಲಕ್ಕ ಹಾಸಬಾರದಿತ್ತು. ಬಸೂ, ನಾಳೆ ಚಾಂದಬಿ ಕಡೆ ಹೋಗಿ ಅವರ ಧೋತರ ಒಂದನ್ನಾದ್ರೂ ಬಿಚ್ಚಿಸಿಕೊಂಡು ಬಾ."

ಮರುದಿನ ಜಮಖಾನೆಯ ಸುರುಳಿಯನ್ನು ಹೆಗಲ ಮೇಲೆ ಹೊತ್ತುಕೊಂಡು ಹಳಿಯಾಳದ ಬಸ್ಸು ಹತ್ತಿದೆ. ಕಂಡಕ್ಟರ್, "ಅದನ್ನ ಮ್ಯಾಲೆ ಟಾಪಿಗೆ ಹಾಕ್ರಿ" ಎಂದ. ಬೇಡ, ಕಾಲ ಹತ್ತಿರವೇ ಇಟ್ಟುಕೊಳ್ಳುತ್ತೇನೆ ಎಂದೆ. ಆದರೆ ಕಾಲ ಹತ್ತಿರ ಇಡುವುದೂ ತಪ್ಪಲ್ಲವೇ ಎಂದು ತೊಡೆಯ ಮೇಲೆ ಇಟ್ಟುಕೊಂಡೆ. "ಅಂಥಾದ್ದೇನೈತ್ರಿ ಅದರಾಗ?" ಎಂದು ಕೇಳಿದ. ರಾತ್ರಿಯೆಲ್ಲ ಅದೇ ವಿಚಾರ ತಲೆಯಲ್ಲಿತ್ತು, ಬಾಯಿತಪ್ಪಿ "ನಮ್ಮ ಅಪ್ಪಾರು" ಎಂದುಬಿಟ್ಟೆ. ಕಂಡಕ್ಟರ್ ಒಂದು ಹೆಜ್ಜೆ ಹಿಂದೆ ಸರಿದ. ನನ್ನ ಪಕ್ಕದಲ್ಲಿದ್ದವನು ಎದ್ದು ಹೋಗಿ ಡ್ರೈವರನ ಹಿಂದೆ ನಿಂತುಕೊಂಡ. ಸುರುಳಿಯ ತುದಿ ಬಿಚ್ಚಿ ಬಣ್ಣ ತೋರಿಸಿ, ಜಮಖಾನೆ, ಬರೀ ಜಮಖಾನೆ ಎಂದು ಎಷ್ಟು ಹೇಳಿದರೂ ಹಳಿಯಾಳ ಬರುವವರೆಗೆ ಆ ಸೀಟಿನಲ್ಲಿ ನಾವಿಬ್ಬರೇ, ನಾನು ಮತ್ತು ಅಪ್ಪ.

ಚಾಂದಬಿ ಎಲ್ಲವನ್ನೂ ಕೇಳಿಸಿಕೊಂಡಳು. ಜಮಖಾನೆಯನ್ನು ಅಂಗಳದಲ್ಲಿ ಹಾಸಿ, ಬಿಳಿ ಪಟ್ಟಿಯ ಮೇಲೆ ಕೈಯಿಟ್ಟಳು.

"ಬೇಟಾ, ಒಂದು ಮಾತು ಹೇಳ್ತೇನಿ, ಸಿಟ್ಟಾಗಬ್ಯಾಡ. ಈ ಪಟ್ಟ್ಯಾಗ ನಿಮ್ಮ ಅಪ್ಪಾರು ಇಲ್ಲ."

"ಇಲ್ಲ ಅಂದ್ರ ಹೆಂಗ ಚಾಚಿ? ಅವ್ವ ಬಾಜೂಕ ಕುಂತು ನೇಯಿಸ್ಯಾಳಲ್ಲ?"

"ಕುಂತಿದ್ಲು ಖರೇ. ಆದ್ರ ಆ ಧೋತರ ಬೂದಿಯಾಂಗ ಆಗಿತ್ತು. ಹಣಿಗಿ ಏಟು ಬಿದ್ರ ಸಾಕು, ಪುಡಿಪುಡಿ. ಅದೊಂದನ್ನ ಹಾಕಿದ್ರ ಪಟ್ಟಿ ನಿಂದರತಿರಲಿಲ್ಲ. ಅದನ್ನ ಆಕೀಗೆ ಹೆಂಗ ಹೇಳಲಿ? ಆಕಿ ಆ ಧೋತರ ಕೈಯಾಗ ಹಿಡಕೊಂಡು ಕುಂತಿದ್ದನ್ನ ನಾ ನೋಡೀನಿ. ಆಕಿ ಉಣ್ಣಾಕ ಹ್ವಾದಾಗ ಸಣ್ಣಸಣ್ಣ ಎಳಿ ಮಾಡಿ, ಎಲ್ಲಾ ಪಟ್ಟಿಯೊಳಗೂ ಬ್ಯಾರೆ ಅರಿವಿ ಜೋಡಿ ಹುರಿ ಹಾಕಿ ಸೇರಿಸೀನಿ. ನೋಡು, ನೀಲಿಯಾಗ ಐತಿ, ಕೆಂಪಿನಾಗ ಐತಿ, ನಿನ್ನ ಖಾಕಿಯಾಗೂ ಐತಿ." ಅವಳು ಉಗುರಿನಿಂದ ಬಿಡಿಸಿ ತೋರಿಸಿದಳು. ನಿಜ, ಪ್ರತಿ ಬಣ್ಣದ ಒಳಗೂ ಒಂದು ಬಿಳಿ ಎಳೆ ಮಿಣುಕುತ್ತಿತ್ತು.

"ಮತ್ತ ಈ ಬಿಳೀ ಪಟ್ಟಿ?"

ಚಾಂದಬಿ ಸೆರಗು ತಲೆಯ ಮೇಲೆ ಎಳೆದುಕೊಂಡಳು. "ಅದು ನಮ್ಮನ್ಯಾವ್ರ ಪಾಯಜಾಮಾ."

ಇಷ್ಟು ದಿನ ಅವ್ವ ಬೆಳಿಗ್ಗೆ ಎದ್ದ ಕೂಡಲೇ ಮುಟ್ಟಿ ಕಣ್ಣಿಗೊತ್ತಿಕೊಂಡದ್ದು, ಸಂಗಪ್ಪನವರನ್ನು ಐದು ಸಲ ಎಬ್ಬಿಸಿದ್ದು, ನೀಲಾಳ ಮದುವೆ ನಿಂತದ್ದು, ಎಲ್ಲ ಒಬ್ಬ ಲಾರಿ ಮಿಸ್ತ್ರಿಯ ಪಾಯಜಾಮೆಗಾಗಿ. ಒಳಗಿನಿಂದ ಆ ಮಿಸ್ತ್ರಿ ಸಾಹೇಬರೇ ಹೊರಗೆ ಬಂದು ನನಗೆ ಸಲಾಮು ಮಾಡಿದರು. ನನ್ನ ಕೈ ತಾನಾಗಿಯೇ ಬಹಳ ಭಕ್ತಿಯಿಂದ ಎದ್ದು ಮುಗಿಯಿತು. ಚಾಂದಬಿ ಕಣ್ಣೊರೆಸಿಕೊಂಡು, "ಆಕೀಗೆ ಹೇಳು, ನಾ ಮೋಸ ಮಾಡಬೇಕಂತ ಮಾಡಿಲ್ಲ" ಎಂದಳು. ಅದು ನನಗೂ ಗೊತ್ತಿತ್ತು. ಗೊತ್ತಿಲ್ಲದ್ದು ಅವ್ವನಿಗೆ ಏನು ಹೇಳಬೇಕೆಂಬುದು. ದಾಂಡೇಲಿ ಬರುವವರೆಗೆ ಬಸ್ಸಿನಲ್ಲಿ ಅದನ್ನೇ ವಿಚಾರ ಮಾಡಿದೆ. ಎಲ್ಲ ಹೇಳಬೇಕು ಎಂದು ನಿಶ್ಚಯಿಸಿದೆ; ಏನೂ ಹೇಳಬಾರದು ಎಂದು ನಿಶ್ಚಯಿಸಿದೆ; ಇಳಿಯುವಾಗ ಯಾವುದನ್ನು ಕೊನೆಗೆ ನಿಶ್ಚಯಿಸಿದ್ದೆ ಎಂಬುದೇ ಮರೆತಿತ್ತು.

"ಬಿಚ್ಚಿಸಿದಿ?" ಎಂದು ಅವ್ವ ಬಾಗಿಲಲ್ಲೇ ಕೇಳಿದಳು.

"ಬಿಚ್ಚಾಕ ಬರಾಂಗಿಲ್ಲಂತ ಯವ್ವಾ. ಧೋತರ ಭಾಳ ಜೀರ್ಣ ಆಗಿತ್ತಂತ. ಅದಕ್ಕ ಚಾಂದಬಿ ಎಲ್ಲಾ ಪಟ್ಟಿಯೊಳಗೂ ಒಂದೊಂದು ಎಳಿ ಸೇರಿಸ್ಯಾಳ. ಅಪ್ಪ ಎಲ್ಲಾ ಕಡೆ ಅದಾರ."

ಅರ್ಧ ಹೇಳಿದ್ದೆ. ಉಳಿದರ್ಧ ಗಂಟಲಲ್ಲಿತ್ತು. ಅವ್ವ ಜಮಖಾನೆಯನ್ನು ತಾನೇ ಹಾಸಿದಳು. ನೀಲಿಯಲ್ಲಿ ಹುಡುಕಿದಳು, ಹಸಿರಿನಲ್ಲಿ ಹುಡುಕಿದಳು, ಕೆಂಪಿನಲ್ಲಿ ಹುಡುಕಿದಳು. ಎಲ್ಲ ಕಡೆ ಆ ಬಿಳಿ ಎಳೆ ಸಿಕ್ಕಿತು. ಈಗ ಅಳುತ್ತಾಳೆ ಎಂದುಕೊಂಡೆ. ಅವಳು ಜಮಖಾನೆಯ ನಡುಮಧ್ಯಕ್ಕೆ ನಡೆದು ಹೋಗಿ, ಕುಳಿತು, ಎರಡೂ ಕಾಲು ಚಾಚಿದಳು. "ಹಂಗಾರ ಎಲ್ಲಿ ಕುಂತರೂ ಅವರ ಜೋಡೀನ ಕುಂತಾಂಗ" ಎಂದಳು. "ನಂದೂ ಮಂಡಿ ಹಿಡದು ಎಷ್ಟು ದಿನಾತು. ಶಾಂತಾ, ಬಾ ಕುಂಡ್ರು. ನೀಲಾ, ನೀನೂ ಬಾ." ಆಮೇಲೆ ಪಾಯಜಾಮೆಯ ಪಟ್ಟಿಯ ಮೇಲೆ ಕೈಯಾಡಿಸಿ, "ಆದ್ರೂ ಅವರು ಹೆಚ್ಚು ಇಲ್ಲೇ ಅದಾರ, ನನಗ ಗೊತ್ತಾಗತೇತಿ" ಎಂದಳು. ಉಳಿದರ್ಧವನ್ನು ನಾನು ನುಂಗಿಕೊಂಡೆ. ಅದು ಸರಿಯೋ ತಪ್ಪೋ ನನಗೆ ಈಗಲೂ ಗೊತ್ತಿಲ್ಲ.

ಅವ್ವ ಅಲ್ಲೇ ಕುಳಿತು ಅಪ್ಪಣೆ ಮಾಡಿದಳು: "ಇಂದೂರಿಗೆ ಹೋಗು. ಇದ್ದದ್ದನ್ನ ಇದ್ದಾಂಗ ಹೇಳು. ಒಪ್ಪಲಿ ಬಿಡಲಿ, ನಮ್ಮನಿ ನೆಲದಾಗ ಏನೂ ಮುಚ್ಚಿಟ್ಟಿಲ್ಲಂತ ಅವರಿಗೆ ತಿಳೀಲಿ."

ಎರಡು ಬಸ್ಸು ಬದಲಿಸಿ ಇಂದೂರಿಗೆ ಹೋದೆ. ಸಂಗಪ್ಪನವರು ಕಟ್ಟೆಯ ಮೇಲೆ ಭತ್ತದ ಬೀಜ ಆರಿಸುತ್ತಿದ್ದರು, ಚನ್ನವ್ವ ಬಾಗಿಲ ಸಂದಿಯಲ್ಲಿ ನಿಂತು ಕೇಳುತ್ತಿದ್ದಳು. ನಾನು ಎದುರು ಮನೆಯ ಜಮಖಾನೆಯಿಂದ ಶುರು ಮಾಡಿ, ಟ್ರಂಕಿಗೆ ಬಂದು, ನಡುವೆ ನನ್ನ ಖಾಕಿ ಪ್ಯಾಂಟಿನ ದುಃಖವನ್ನೂ ಹೇಳಿ, ಎರಡು ಬಿಳಿ ಪಟ್ಟಿಗಳವರೆಗೆ ಬಂದೆ.

"ಅಂದ್ರ ನಾ ಅವತ್ತು ಕುಂತದ್ದು..." ಎಂದರು ಸಂಗಪ್ಪನವರು.

"ಹೌದ್ರಿ, ನಮ್ಮ ಅಪ್ಪಾರ ಮ್ಯಾಲೆ. ಅಂದ್ರ, ಅವರ ಧೋತರದ ಮ್ಯಾಲೆ. ಅಂದ್ರ, ಅವತ್ತು ನಾವು ಹಂಗ ತಿಳಕೊಂಡಿದ್ವಿ. ಖರೇ ಹೇಳಬೇಕಂದ್ರ ಅದು ಹಳಿಯಾಳದ ಮಿಸ್ತ್ರೀ ಪಾಯಜಾಮಾ. ನಮ್ಮ ಅವ್ವಗ ಇದು ಗೊತ್ತಿಲ್ರಿ, ದಯಮಾಡಿ ಹೇಳಬ್ಯಾಡ್ರಿ."

ಅವರು ನನ್ನನ್ನೇ ನೋಡಿದರು. ಹೊಟ್ಟೆ ಮೊದಲು ಕುಲುಕಿತು, ಆಮೇಲೆ ಭ್ರಾಂತು ಹಿಡಿದವರ ಹಾಗೆ ನಗತೊಡಗಿದರು. ಬೀಜದ ಮೊರ ಮಗುಚಿತು. ನಕ್ಕು ನಕ್ಕು ಕಣ್ಣೀರು ಒರೆಸಿಕೊಳ್ಳುತ್ತ ಇದ್ದವರು ಮೊರವನ್ನು ನೆಟ್ಟಗೆ ಎತ್ತಿಟ್ಟು, "ನಮ್ಮಾಕಿ ಸೀರಿ ನಾಕು ಹಂಗ ಅದಾವ, ಪೆಟ್ಟಿಗ್ಯಾಗ" ಎಂದರು. ಬಾಗಿಲ ಸಂದಿಯಿಂದ ಚನ್ನವ್ವ ಹೊರಗೆ ಬಂದಳು. "ನಾ ಮನಿ ನೆಲದಾಗ ಹುತ್ತ ಎದ್ದೇತೇನೋ ಅಂದುಕೊಂಡಿದ್ದೆ. ಇಷ್ಟು ಹೇಳಾಕ ನಿನಗ ಅವತ್ತ ಬಾಯಿ ಇರಲಿಲ್ಲೇನೋ ತಮ್ಮಾ?" ಎಂದು ಬೈದಳು. ಆಮೇಲೆ ಸಂಗಪ್ಪನವರ ಕಡೆ ತಿರುಗಿ, "ಸತ್ತವರ ಅರಿವಿ ತುಳೀಬಾರದಂತ ಇಷ್ಟು ಜೀವಾ ಬಿಡೂ ಮನಿ ಹುಡುಗಿ, ಜೀವಂತ ಇದ್ದ ನಮ್ಮನ್ನ ತುಳ್ಯಾಂಗಿಲ್ಲ ಬಿಡು. ಹುಡುಗನೂ ಬಂದಾಗಿಂದ ಆಕೀದ ಮಾತಾಡ್ತಾನ" ಎಂದಳು. ಹುಡುಗ ಏನು ಮಾತಾಡಿದ್ದನೋ ನಾನು ಕೇಳಲಿಲ್ಲ. ಚೀಲದ ಮೇಲಿನಿಂದ ಅವನೊಬ್ಬನಿಗೇ ನೆಲ ಬಿಟ್ಟು ಬೇರೇನಾದರೂ ಕಂಡಿರಬೇಕು.

ನೀಲಾ ಈಗ ಮುಂಡಗೋಡದಲ್ಲಿ ಸುಖವಾಗಿದ್ದಾಳೆ. ಜಮಖಾನೆ ನಮ್ಮ ಪಡಸಾಲೆಯಲ್ಲಿ ದಿನವೂ ಹಾಸಿರುತ್ತದೆ. ಬಂದವರು ಎಲ್ಲಿ ಬೇಕಾದರೂ ಕೂಡುತ್ತಾರೆ, ಅವ್ವ ಕಾಲು ಚಾಚಿ ಶೇಂಗಾ ಸುಲಿಯುತ್ತಾಳೆ, ಶಾಂತಾ ಅದರ ಮೇಲೆ ಮಧ್ಯಾಹ್ನ ನಿದ್ದೆಯನ್ನೂ ಮಾಡುತ್ತಾಳೆ. ಕೂಡಲಾಗದವನು ಮನೆಯಲ್ಲಿ ನಾನೊಬ್ಬನೇ. ಅಪ್ಪ ಬದುಕಿದ್ದಾಗ ನಾನು ಅವರ ಮುಂದೆ ಎಂದೂ ಕುಳಿತವನಲ್ಲ. ಅಂಗಡಿಯ ಗಲ್ಲೆಯ ಪಕ್ಕದಲ್ಲಿ ನಿಂತೇ ದೊಡ್ಡವನಾದೆ. ಒಂದೇ ಪಟ್ಟಿಯಲ್ಲಿದ್ದರೆ ಹೇಗೋ ದಾಟಿಕೊಂಡು ಹೋಗಬಹುದಿತ್ತು. ಎಲ್ಲ ಕಡೆಯೂ ಇದ್ದಾರೆ, ನನ್ನ ಖಾಕಿ ಪ್ಯಾಂಟಿನೊಳಗೂ ಇದ್ದಾರೆ ಎಂದು ತಿಳಿದ ಮೇಲೆ ಕಾಲು ಮಡಚಲು ಬರುವುದೇ ಇಲ್ಲ. ಇಲ್ಲಿ ಕೂತರೆ ಅಪ್ಪ, ಅಲ್ಲಿ ಕೂತರೆ ಮಿಸ್ತ್ರಿ. ಆದ್ದರಿಂದ ಬರಿಯ ನೆಲದ ಮೇಲೆ, ಜಮಖಾನೆಯ ಅಂಚಿನಿಂದ ಒಂದು ಗೇಣು ದೂರ ಕುಳಿತು ಚಹಾ ಕುಡಿಯುತ್ತೇನೆ. ಬಂದವರು ಯಾಕೆಂದು ಕೇಳಿದರೆ ಅವ್ವ ಹೆಮ್ಮೆಯಿಂದ ಹೇಳುತ್ತಾಳೆ: "ನಮ್ಮ ಬಸೂಗ ಅವರಪ್ಪನ ಮ್ಯಾಲೆ ಭಾಳ ಭಕ್ತಿ. ನಾವೆಲ್ಲಾ ಕುಂಡ್ರತೇವಿ, ಅವ ಒಬ್ಬನ ಕಾಲೂ ಇಡಾಂಗಿಲ್ಲ." ಬಂದವರು ನನ್ನನ್ನು ಮೆಚ್ಚುಗೆಯಿಂದ ನೋಡುತ್ತಾರೆ. ಅದು ಭಕ್ತಿಯೋ, ಹೆದರಿಕೆಯೋ, ಬರೀ ಗೊಂದಲವೋ ನನಗೇ ತಿಳಿಯದಿರುವುದರಿಂದ, ಸದ್ಯಕ್ಕೆ ಭಕ್ತಿ ಎಂದೇ ಇಟ್ಟುಕೊಂಡು, ತಲೆ ತಗ್ಗಿಸಿ ಚಹಾ ಕುಡಿಯುತ್ತೇನೆ.